ಮಣ್ಣಿಗೆ ಮಲಗಿದ ಕಂಬಿ: ಚೋರನೂರಿನ ಗೆಳೆಯರಿಗೊಂದು ಪ್ರತ್ಯುತ್ತರ

ಹೋದ ಸಂಚಿಕೆಯಲ್ಲಿ ನಾನು ಬರೆದದ್ದು ಇಷ್ಟೇ. ಭಾರದ ಯಂತ್ರ ಕೂರಿಸಲು ಹಾಕುವ ಕಾಂಕ್ರೀಟ್ ಬೆಡ್ಡಿನಲ್ಲಿ ಕಂಬಿಯ ಜಾಲ ಮಣ್ಣಿಗೆ ಅಂಟಿಕೊಂಡು ಮಲಗಿದ್ದರೆ ಅದನ್ನು ಕಂಬಿಯ ಖರ್ಚಿಗೆ ಬರೆಯಬೇಡಿ, ಕಳೆದುಹೋದ ದುಡ್ಡಿನ ಖಾತೆಗೆ ಬರೆಯಿರಿ ಎಂದಿದ್ದೆ. ಇದಕ್ಕೆ ಇಷ್ಟು ಮಂದಿ ತಿರುಗಿಬೀಳುತ್ತಾರೆಂದು ಎಣಿಸಿರಲಿಲ್ಲ. ಮೂವತ್ತು ವರ್ಷ ಕರಣೆ ಹಿಡಿದ ಮೇಸ್ತ್ರಿಯೊಬ್ಬರು ಚೋರನೂರಿನ ಚಹಾದಂಗಡಿಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಮುಕ್ಕಾಲು ತಾಸು ತರಾಟೆಗೆ ತೆಗೆದುಕೊಂಡರು. ಕ್ರಷರ್ ಮಾಲೀಕರೊಬ್ಬರು ಫೋನು ಮಾಡಿ, ‘ನೀವು ಬರ್ದಿದ್ದು ಓದಿ ನಮ್ ಹುಡುಗ್ರು ಕೂಲಿ ಜಾಸ್ತಿ ಕೇಳಾಕತ್ತಾರ’ ಎಂದರು. ಹೊಸಪೇಟೆಯಲ್ಲಿ ಓದಿ ಬಂದ ಯುವ ಇಂಜಿನಿಯರ್ ಐಎಸ್ ಕೋಡಿನ ನಂಬರುಗಳ ಸಮೇತ ಎರಡು ಪುಟ ಬರೆದು ಕಳಿಸಿದರು. ನಿವೃತ್ತ ಮೇಷ್ಟ್ರೊಬ್ಬರು ಹಂಪಿಯನ್ನೇ ಎಳೆದು ತಂದರು. ಎಲ್ಲರಿಗೂ ಇಲ್ಲಿಯೇ ಉತ್ತರ ಹೇಳಿಬಿಡುತ್ತೇನೆ. ಒಪ್ಪಬೇಕಾದ್ದು ಒಂದೆರಡಿದೆ, ಅದನ್ನೂ ಒಪ್ಪುತ್ತೇನೆ.

ಮೊದಲು ಒಂದು ಹೊಟ್ಟೆಯುರಿಯ ಮಾತು. ಸಂಡೂರಿನ ಗುಡ್ಡದಿಂದ ಅಗೆದ ಅದಿರು ತೋರಣಗಲ್ಲಿನ ಕುಲುಮೆಯಲ್ಲಿ ಕರಗಿ, ಉಕ್ಕಾಗಿ, ಏಣು ಮೂಡಿದ ಕಂಬಿಯಾಗಿ, ಲಾರಿ ಹತ್ತಿ ಮತ್ತೆ ನಮ್ಮೂರಿಗೇ ಬರುತ್ತದೆ. 1971ರಲ್ಲಿ ಇಂದಿರಾ ಗಾಂಧಿಯವರು ಅಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಆ ಕಲ್ಲಿನ ಮೇಲೆ ಏನೂ ಏಳಲಿಲ್ಲ. ಅಡಿಪಾಯ ಗಟ್ಟಿಯಾಗಲಿ ಎಂದು ಕಾದರೇನೋ. ಆಮೇಲೆ ಕಾರ್ಖಾನೆ ಎದ್ದಿತು, ಗುಡ್ಡ ಕರಗಿತು, ಕೆಂಪು ಧೂಳು ಹಿತ್ತಲಿನ ಕರಿಬೇವಿನ ಮೇಲೆ ಕೂತಿತು. ಇಷ್ಟೆಲ್ಲ ಆಗಿ ಕೈಗೆ ಬಂದ ಕಂಬಿಯನ್ನು ನಾವು ಮತ್ತೆ ಮಣ್ಣಿನ ಮೇಲೆ ಹಾಸಿ ಮುಚ್ಚುತ್ತೇವೆ. ತುಕ್ಕೆಂದರೆ ಕಬ್ಬಿಣ ತವರಿಗೆ ಹೊರಟುನಿಂತದ್ದು, ಹೆಚ್ಚುಕಡಿಮೆ ಅದಿರಿನ ರೂಪಕ್ಕೇ. ಅದಿರನ್ನು ಅದಿರೇ ಮಾಡಲು ಇಷ್ಟು ದೂರದ ಸುತ್ತು ಯಾಕೆ?

ಇನ್ನು ಮೇಸ್ತ್ರಿಗಳ ಮಾತು. ‘ಜಾಲ ನೆಲದ ಮ್ಯಾಲೆ ಹಾಸಿರ್ತೀವಿ, ಖರೆ. ಕಾಂಕ್ರೀಟ್ ಬೀಳ್ತಿದ್ದಂಗ ಕೊಕ್ಕಿ ಹಾಕಿ ಎತ್ತಿಬಿಡ್ತೀವಲ್ಲ. ನೀವು ನೋಡಿಲ್ಲೇನ್ರಿ?’

ನೋಡಿದ್ದೇನೆ. ನೋಡುವುದೇನು, ನಿಂತು ಎತ್ತಿಸಿದವನೇ ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅದಿರು ಜರಡಿ ಹಿಡಿಯುವ ಒಂದು ಯಾರ್ಡಿನಲ್ಲಿ ಜನರೇಟರಿಗೆ ಬೆಡ್ ಹಾಕಿಸುವ ಹೊಣೆ ನನ್ನದಾಗಿತ್ತು. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, 300 ಮಿ.ಮೀ. ದಪ್ಪ. ಕಂಬಿ ಕಟ್ಟುವವರು 12 ಮಿ.ಮೀ. ಕಂಬಿಯ ಜಾಲವನ್ನು ಅಚ್ಚುಕಟ್ಟಾಗಿ ಕಟ್ಟಿ ಪ್ರತಿ ಕೂಡಿಗೂ ತಂತಿ ಬಿಗಿದರು; ಫೋಟೋ ತೆಗೆದು ಕ್ಯಾಲೆಂಡರಿಗೆ ಹಾಕಬಹುದಿತ್ತು. ಜಾಲದ ಕೆಳಗೆ ಮಾತ್ರ ಏನೂ ಇಟ್ಟಿರಲಿಲ್ಲ. ಮಿಕ್ಸರ್ ತಿರುಗಿತು, ಬಾಂಡ್ಲಿಗಳು ಕೈಯಿಂದ ಕೈಗೆ ಬಂದವು, ಇಬ್ಬರು ಕೊಕ್ಕೆ ಹಿಡಿದು ‘ಎತ್ತು, ಎತ್ತು’ ಎನ್ನುತ್ತ ಮುಂದೆ ಸಾಗಿದರು. ನಾನು ದಂಡೆಯಲ್ಲಿ ನಿಂತು ಸಮಾಧಾನಪಟ್ಟೆ. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಬೆಡ್ಡಿನ ನಡುವೆ ಅಡ್ಡಲಾಗಿ ಬಿರುಕು ಬಿತ್ತು. ಜನರೇಟರ್ ಓಡುವಾಗ ಚಪ್ಪಲಿ ಬಿಟ್ಟು ನಿಂತರೆ, ಬಿರುಕಿನ ಎರಡು ದಡಗಳು ಬೇರೆಬೇರೆಯಾಗಿ ನಡುಗುವುದು ಅಂಗಾಲಿಗೆ ತಿಳಿಯುತ್ತಿತ್ತು. ಬ್ರೇಕರ್ ತರಿಸಿ ಒಡೆಸಿದೆವು. ಜಾಲ ಇತ್ತು, ತಳದಲ್ಲಿ. ಕಂಬಿಯ ಕೆಳಮೈಗೆ ಕಾಂಕ್ರೀಟು ತಾಕಿರಲೇ ಇಲ್ಲ. ತುಕ್ಕು ಹಿಡಿದು ಕೆಮ್ಮಣ್ಣಿನೊಂದಿಗೆ ಒಂದಾಗಿತ್ತು. ಒಂದೇ ಒಂದು ಮೂಲೆಯಲ್ಲಿ ಜಾಲ ಎರಡಂಗುಲ ಮೇಲಿತ್ತು. ಯಾರೋ ಮರೆತು ಬಿಟ್ಟ ಕಲ್ಲೊಂದು ಅಲ್ಲಿ ಅದರ ಕೆಳಗೆ ಸಿಕ್ಕಿಕೊಂಡಿತ್ತು. ಆ ಬೆಡ್ಡಿನಲ್ಲಿ ಇಂಜಿನಿಯರನ ಕೆಲಸ ಮಾಡಿದ್ದು ಆ ಕಲ್ಲೊಂದೇ.

ಕಟ್ಟಿದ ಜಾಲವೆಂದರೆ ಹಾಸಿದ ಕಂಬಳಿಯ ಹಾಗೆ. ಹಿಡಿದು ಎತ್ತಿದ ಕಡೆ ಏಳುತ್ತದೆ, ಪಕ್ಕದಲ್ಲಿ ಜೋಲುತ್ತದೆ. ಎತ್ತುವವನು ಗಂಬೂಟು ಹಾಕಿಕೊಂಡು ನಿಂತಿರುವುದೂ ಅದೇ ಜಾಲದ ಮೇಲೆ. ಅವನು ಒಂದು ಹೆಜ್ಜೆ ಮುಂದಿಟ್ಟ ಕೂಡಲೇ ಹಿಂದೆ ಎತ್ತಿದ್ದು ಕೆಳಗೆ. ಅವನ ಬೆನ್ನಿಗೆ ಬಾಂಡ್ಲಿ ಹೊತ್ತವರು, ವೈಬ್ರೇಟರ್ ಹಿಡಿದವನು, ಮಟ್ಟ ಎಳೆಯುವವನು. ಮೇಸ್ತ್ರಿಗಳೇ, ಎತ್ತಿದ್ದನ್ನು ನೀವೂ ನಾನೂ ಕಣ್ಣಾರೆ ಕಂಡಿದ್ದೇವೆ. ಇಳಿದದ್ದನ್ನು ಯಾರೂ ಕಂಡಿಲ್ಲ. ನಿಮ್ಮ ಮೂವತ್ತು ವರ್ಷದ ಅನುಭವಕ್ಕೆ ಕೈಮುಗಿಯುತ್ತೇನೆ, ಆದರೆ ಹಾಕಿದ ಬೆಡ್ಡುಗಳಲ್ಲಿ ಎಷ್ಟನ್ನು ಒಡೆದು ನೋಡಿದ್ದೀರಿ?

ಕ್ರಷರ್ ಮಾಲೀಕರ ವಾದ ಇದಕ್ಕಿಂತ ಗಟ್ಟಿಯಾದದ್ದು. ತಾರಸಿ ಬಾಗುತ್ತದೆ, ಯಾಕೆಂದರೆ ಅದರ ಕೆಳಗೆ ಬಯಲು. ಬೆಡ್ಡು ಭೂಮಿತಾಯಿಯ ಮಡಿಲಲ್ಲಿ ಕೂತಿದೆ, ಅದು ಎಲ್ಲಿಗೆ ಬಾಗೀತು? ದಪ್ಪ ಹಾಕಿದರಾಯಿತು, ಕಂಬಿಯೇ ಬೇಡ. ಊರೊಳಗಿನ ಸಿಸಿ ರಸ್ತೆಗೆ ಕಂಬಿ ಇದೆಯೇ? ಅದರ ಮೇಲೆ ಲಾರಿ ಓಡುತ್ತಿಲ್ಲವೇ?

ಅರ್ಧ ಒಪ್ಪಿದೆ. ಊರಿನ ಸಿಸಿ ರಸ್ತೆಗಷ್ಟೇ ಅಲ್ಲ, ಹೆದ್ದಾರಿಯ ಕಾಂಕ್ರೀಟ್ ಹಾಸಿಗೂ ಸಾಮಾನ್ಯವಾಗಿ ಜಾಲ ಹಾಕುವುದಿಲ್ಲ. ಆದರೆ ಹೆದ್ದಾರಿಯಲ್ಲಿ ಸುಮಾರು ನಾಲ್ಕೂವರೆ ಮೀಟರಿಗೊಂದು ಜಾಯಿಂಟ್ ಕೊಯ್ದಿರುತ್ತಾರೆ. ಬಿರುಕೇ, ಬರುವುದಾದರೆ ಇಲ್ಲೇ ಬಾ ಎಂದು ಮೊದಲೇ ಗೆರೆ ಎಳೆದುಕೊಟ್ಟ ಹಾಗೆ. ಆ ಜಾಯಿಂಟಿನಲ್ಲಿ ಭಾರ ಈ ಕಡೆಯಿಂದ ಆ ಕಡೆಗೆ ದಾಟಲೆಂದು ಡೋವೆಲ್ ಎಂಬ ದಪ್ಪ ಸರಳುಗಳನ್ನೂ ಹೂತಿರುತ್ತಾರೆ. ಲಾರಿ ಬಂದು ಹೋಗುತ್ತದೆ. ಯಂತ್ರ ಬಂದು ಕೂತುಬಿಡುತ್ತದೆ. ರಸ್ತೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಂದರೆ ಲಾರಿಗೆ ಗೊತ್ತೂ ಆಗುವುದಿಲ್ಲ. ಮೋಟಾರಿನ ದಂಡವೂ ಪಂಪಿನ ದಂಡವೂ ಒಂದೇ ಗೆರೆಯಲ್ಲಿ ತಿರುಗಬೇಕಾದ ಕಡೆ ಅದೇ ಬಿರುಕು ತಿಂಗಳಿಗೊಂದು ಬೇರಿಂಗ್ ತಿನ್ನುತ್ತದೆ. ಯಂತ್ರದ ಹೊಟ್ಟೆಯ ಕೆಳಗೆ ಜಾಯಿಂಟ್ ಕೊಯ್ಯಲು ಬರುತ್ತದೆಯೇ, ಸಾಹುಕಾರರೇ?

‘ಎಲ್ಲಿಗೆ ಬಾಗೀತು’ ಎಂಬ ಪ್ರಶ್ನೆಗೆ ಸ್ವಲ್ಪ ನಿಂತು ಉತ್ತರಿಸಬೇಕು, ಯಾಕೆಂದರೆ ಇಡೀ ಜಗಳದ ಬೇರು ಇಲ್ಲಿದೆ. ತಾರಸಿಯನ್ನು ಮನಸ್ಸಿನಲ್ಲೇ ತಲೆಕೆಳಗು ಮಾಡಿ. ತಾರಸಿಗೆ ಭಾರ ಮೇಲಿನಿಂದ, ಆಸರೆ ಕೆಳಗಿನ ಕಂಬಗಳಿಂದ. ಬೆಡ್ಡಿನಲ್ಲಿ ಯಂತ್ರದ ಕಾಲುಗಳೇ ಕಂಬಗಳು. ಅವು ಮೇಲಿನಿಂದ ಒತ್ತುತ್ತವೆ, ಉಳಿದ ಕಡೆಯೆಲ್ಲ ನೆಲ ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ತಾರಸಿಯ ನಡುವೆ ಕೆಳಮೈ ಎಳೆತಕ್ಕೆ ಸಿಗುತ್ತದೆ, ಅದಕ್ಕೇ ಅಲ್ಲಿ ಕಂಬಿ ಕೆಳಗೆ. ತಲೆಕೆಳಗಾದ ತಾರಸಿಯಲ್ಲಿ ಲೆಕ್ಕವೂ ತಲೆಕೆಳಗು: ಯಂತ್ರದ ಕಾಲಿನಡಿ ಎಳೆತ ಕೆಳಮೈಯಲ್ಲಿ, ಎರಡು ಕಾಲುಗಳ ನಡುವೆ ಎಳೆತ ಮೇಲ್ಮೈಯಲ್ಲಿ. ನನ್ನ ಜನರೇಟರ್ ಬೆಡ್ಡು ಸೀಳಿದ್ದು ಹಾಗೆಯೇ, ಮೇಲಿಂದ ಕೆಳಕ್ಕೆ, ಸರಿಯಾಗಿ ನಡುವಿನಲ್ಲಿ. ಅವತ್ತು ಕೊಕ್ಕೆಯವರು ದೇವರಂತೆ ಎತ್ತಿ ಜಾಲವನ್ನು ತಳದಿಂದ ಎರಡಂಗುಲ ಮೇಲೆ ನಿಲ್ಲಿಸಿದ್ದರೂ ಆ ಬಿರುಕು ತಪ್ಪುತ್ತಿರಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಮೇಲೊಂದು ಜಾಲ. ಅದನ್ನು ಯೋಚಿಸದೆ ಹೋದದ್ದು ನಾನು, ಕೊಕ್ಕೆ ಹಿಡಿದವರಲ್ಲ.

ಇಷ್ಟು ಹೇಳಿದ್ದು ನೆಲ ಎಲ್ಲ ಕಡೆ ಒಂದೇ ಸಮ ಆನಿಸಿಕೊಳ್ಳುತ್ತದೆ ಎಂದುಕೊಂಡು. ನಮ್ಮ ನೆಲ ಅಂಥದ್ದೇ? ಗುಡ್ಡದ ಇಳಿಜಾರನ್ನು ಕಡಿದು ಯಾರ್ಡ್ ಮಟ್ಟ ಮಾಡಿದರೆ ಬೆಡ್ಡಿನ ಒಂದು ತುದಿ ಕಡಿದ ಗಟ್ಟಿ ನೆಲದ ಮೇಲೆ, ಇನ್ನೊಂದು ತುದಿ ತಂದು ಸುರಿದ ಮಣ್ಣಿನ ಮೇಲೆ. ಮೊದಲ ಜಡಿಮಳೆಗೆ ಸುರಿದ ಮಣ್ಣು ಒಂದು ಬೆರಳು ಕುಸಿದರೆ ಆ ತುದಿ ಗಾಳಿಯಲ್ಲಿ ನಿಂತಂತಾಯಿತು. ಎರೆನೆಲದ ಕಥೆ ಬೇರೆ. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿಬಿಡುವ ಎರೆಯನ್ನು ಬಳ್ಳಾರಿ ಸೀಮೆಯವರಿಗೆ ನಾನು ಬಣ್ಣಿಸಬೇಕಾಗಿಲ್ಲ. ಅದು ಬೆಡ್ಡಿನ ಅಂಚನ್ನು ಒಂದು ಋತುವಿನಲ್ಲಿ ಎತ್ತುತ್ತದೆ, ಇನ್ನೊಂದರಲ್ಲಿ ಕೈಬಿಡುತ್ತದೆ. ಕೈಬಿಟ್ಟ ಅಂಚೆಂದರೆ ಸಜ್ಜಾ ಇದ್ದ ಹಾಗೆ. ಸಜ್ಜಾದಲ್ಲಿ ಕಂಬಿ ಮೇಲಿರಬೇಕು, ತುಳಿದು ಕೆಳಗಿಳಿಸಿದರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ತಲೆಯ ಮೇಲೆ ಬೀಳುತ್ತದೆ ಎಂಬುದು ಚೋರನೂರಿನ ಯಾವ ಮೇಸ್ತ್ರಿಗೆ ಗೊತ್ತಿಲ್ಲ? ಕಿಟಕಿಯ ಮೇಲೆ ಗೊತ್ತಿರುವುದು ನೆಲಕ್ಕಿಳಿದಾಗ ಮರೆತುಹೋಗುತ್ತದೆ, ಅಷ್ಟೇ.

ಇಲ್ಲಿಗೆ ಬಂದಾಗ ಮೇಸ್ತ್ರಿಗಳು ಒಂದು ರಾಜಿ ಸೂಚಿಸಿದರು. ‘ಹಂಗಾರ ಜಾಲ ನಡುವ ಇಡ್ರಿ. ಮ್ಯಾಲಕ್ಕೂ ಆತು, ಕೆಳಕ್ಕೂ ಆತು.’ ಇದು ಪಂಚಾಯ್ತಿ ಕಟ್ಟೆಯ ತೀರ್ಮಾನ. ಇಬ್ಬರ ಜಗಳಕ್ಕೆ ಪಂಚರು ನಡುವೆ ಬದು ಹಾಕಿ ಇಬ್ಬರನ್ನೂ ಮನೆಗೆ ಕಳಿಸಿದ ಹಾಗೆ. ಮನುಷ್ಯರಿಗೆ ಸರಿ. ಹಸಿ ಜೋಳದ ದಂಟನ್ನು ಬಾಗಿಸಿ ನೋಡಿ: ಹೊರಮೈ ಎಳೆದು ಸೀಳುತ್ತದೆ, ಒಳಮೈ ಒತ್ತಿ ನಜ್ಜಾಗುತ್ತದೆ, ನಡುವಿನ ಬೆಂಡಿಗೆ ಎರಡರ ಗೊಡವೆಯೂ ಇಲ್ಲ. ಕಾಂಕ್ರೀಟಿನ ನಡುವೆ ಇಟ್ಟ ಕಂಬಿ ಆ ಬೆಂಡಿನೊಳಗೆ ಕೂತ ಕಂಬಿ.

ಬಾಯಿಮಾತು ಬೇಡ, ಲೆಕ್ಕ ಇಲ್ಲಿದೆ. ಅದೇ 300 ಮಿ.ಮೀ. ಬೆಡ್ಡಿನ ಒಂದು ಮೀಟರ್ ಅಗಲದ ಪಟ್ಟಿ ತೆಗೆದುಕೊಳ್ಳಿ. ಎಂ25 ಕಾಂಕ್ರೀಟು, ಎಫ್‌ಇ 500 ದರ್ಜೆಯ 12 ಮಿ.ಮೀ. ಕಂಬಿ, 200 ಮಿ.ಮೀ.ಗೊಂದರಂತೆ. ಕಂಬಿಯೇ ಇಲ್ಲದೆ ಬರಿಯ ಕಾಂಕ್ರೀಟು ಬಿರುಕು ಬಿಡುವ ಮುನ್ನ ಸುಮಾರು 52 ಕಿಲೋನ್ಯೂಟನ್ ಮೀಟರಿನಷ್ಟು ಬಾಗುಬಲ ತಡೆಯುತ್ತದೆ. ಬಿರುಕು ಬಿಟ್ಟ ಕ್ಷಣ ಕಾಂಕ್ರೀಟು ಕೈಚೆಲ್ಲುತ್ತದೆ, ಭಾರ ಕಂಬಿಯ ಹೆಗಲಿಗೆ ಬೀಳುತ್ತದೆ. ಕಂಬಿ ಎಳೆತದ ಮೈಯಿಂದ 50 ಮಿ.ಮೀ. ಒಳಗಿದ್ದರೆ ಸುಮಾರು 57 ಹೊರುತ್ತದೆ, ಬಿದ್ದದ್ದನ್ನು ಹಿಡಿಯಿತು. ನಡುವೆ ಇದ್ದರೆ ಹೊರುವುದು 34. ಸುರಕ್ಷತೆಗೆಂದು ಲೆಕ್ಕದಲ್ಲಿ ಬಿಟ್ಟಿರುವ ಪಾಲನ್ನೂ ಸೇರಿಸಿಕೊಂಡರೆ 39ರ ಆಸುಪಾಸು. ಬೀಳುವುದು 52, ಕೈ ಹಿಡಿಯುವುದು 39! ಎಳೆತಕ್ಕೆ ಸಿಕ್ಕಿದ ಮೈಗೆ ಎದುರುಮೈಯಲ್ಲಿ ಕಂಬಿ ಮಲಗಿದ್ದರಂತೂ ಬರೀ 11. ಮೂರು ಕಡೆಗೂ ಅದೇ ಕಂಬಿ, ಅದೇ ತೂಕ, ಅಂಗಡಿಯವನ ಬಿಲ್ಲಿನಲ್ಲಿ ಅದೇ ಮೊತ್ತ.

ಒಂದು ವಿನಾಯಿತಿ ಕೊಡುತ್ತೇನೆ. ನಾಲ್ಕೈದು ಅಂಗುಲದ ಗೋದಾಮಿನ ನೆಲಕ್ಕೆ, ಒಣಗುವಾಗ ಬರುವ ಬಿರುಕು ಅಗಲವಾಗದಂತೆ ಹಿಡಿದಿಡಲು ಒಂದೇ ಜಾಲ ಸಾಕು. ಅದನ್ನೂ ನಡುವೆ ಹಾಕುವುದಿಲ್ಲ, ಮೇಲಿನ ಮೂರನೆಯ ಒಂದು ಪಾಲಿನಲ್ಲಿ ಹಾಕುತ್ತಾರೆ. ಒಣಗುವುದು ಮೇಲಿನಿಂದಲ್ಲವೇ?

ಮೇಸ್ತ್ರಿಗಳಿಗೆ ಬೇಸರ ಬೇಡ, ಈ ತಪ್ಪಿಗೆ ದೊಡ್ಡ ಮನೆತನವಿದೆ. ಕಂಬಿ ಹಾಕಿದ ಕಾಂಕ್ರೀಟಿಗೆ 1867ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಮೋನಿಯೆ ಫ್ರಾನ್ಸಿನ ತೋಟಗಾರ. ಗಿಡದ ತೊಟ್ಟಿ ಒಡೆಯದಿರಲಿ ಎಂದು ತಂತಿಜಾಲ ಹಾಕಿದವನು. ಜಾಲ ಹಾಕಬೇಕೆಂದು ಅವನಿಗೆ ಹೊಳೆಯಿತು. ಎಳೆತ ಇರುವ ಕಡೆಯೇ ಹಾಕಬೇಕೆಂಬುದಕ್ಕೆ ಲೆಕ್ಕದ ದಾರಿ ಕಟ್ಟಿ ಜರ್ಮನಿಯ ಕೋನೆನ್ ಪ್ರಕಟಿಸಿದ್ದು 1886ರಲ್ಲಿ. ನಡುವೆ ಹತ್ತೊಂಬತ್ತು ವರ್ಷ.

ಯುವ ಇಂಜಿನಿಯರ್ ಗೆಳೆಯರ ಪತ್ರ ಸೊಗಸಾಗಿದೆ, ಅಂಕಿಗಳೂ ಸರಿ. ಐಎಸ್ 456ರ ಪ್ರಕಾರ ಏಣುಕಂಬಿ ಹಾಕಿದ ಹಾಸಿಗೆ ಕನಿಷ್ಠ ಶೇ. 0.12 ಉಕ್ಕು, ಯಂತ್ರಗಳ ಅಡಿಪಾಯಕ್ಕೆಂದೇ ಇರುವ ಐಎಸ್ 2974ರ ಮೊದಲ ಭಾಗದ ಪ್ರಕಾರ, ಎಂಜಿನ್ನಿನಂಥ ಯಂತ್ರ ಹೊರುವ ಬ್ಲಾಕಿಗೆ ಘನ ಮೀಟರಿಗೆ ಕನಿಷ್ಠ 25 ಕಿಲೋ. ತಾವು ಇವೆರಡಕ್ಕಿಂತ ಹೆಚ್ಚೇ ಹಾಕಿಸಿದ್ದರಿಂದ ನನ್ನ ಟೀಕೆ ತಮಗೆ ತಾಗದು ಎನ್ನುತ್ತಾರೆ.

ತಮ್ಮಾ, ಮೇಲಿನ ಲೆಕ್ಕದ ಜಾಲ ಒಂದೇ ಇದ್ದರೂ ಶೇ. 0.19 ಆಗುತ್ತದೆ. ಅದು ಮಣ್ಣಿನ ಮೇಲೆ ಮಲಗಿದ್ದರೂ 0.19, ಮೇಲ್ಮೈಗೆ ಬಂದು ಬಿಸಿಲು ಕಾಯಿಸುತ್ತಿದ್ದರೂ 0.19. ಕಾಗದದ ಮೇಲೆ ಪಾಸಾಗುತ್ತದೆ. ನೀನು ತೋರಿಸಿದ ಕೋಡುಗಳು ಅಲ್ಲಿಗೇ ನಿಂತಿಲ್ಲ. ಆ 25 ಕಿಲೋವನ್ನು 12 ಮಿ.ಮೀ. ಕಂಬಿಯಾಗಿ, 200ರಿಂದ 250 ಮಿ.ಮೀ.ಗೊಂದರಂತೆ, ಉದ್ದಕ್ಕೂ ಅಡ್ಡಕ್ಕೂ ನಿಲುವಿಗೂ, ಬ್ಲಾಕಿನ ಎಲ್ಲ ಮೈಗಳ ಹತ್ತಿರ ಹಾಕು ಎನ್ನುತ್ತದೆ 2974. ಮೈಗಳ ಹತ್ತಿರ! ಪಾಯದಲ್ಲಿ ಕಂಬಿಗೆ ಕನಿಷ್ಠ 50 ಮಿ.ಮೀ. ಕವರ್, ಅಂದರೆ ಕಂಬಿಯ ಹೊರಗೆ ಅಷ್ಟು ದಪ್ಪ ಕಾಂಕ್ರೀಟು, ಬಿಡು ಎನ್ನುತ್ತದೆ 456. ಅಮೆರಿಕದವರು ನೇರ ಮಣ್ಣಿನ ಮೇಲೆ ಸುರಿಯುವ ಕಾಂಕ್ರೀಟಿಗೆ ಮೂರಂಗುಲ ಬಿಡಿಸುತ್ತಾರೆ. ನಾವು ತೂಕ ಹೇಳುವ ಸಾಲನ್ನು ಓದಿ ಜಾಗ ಹೇಳುವ ಸಾಲನ್ನು ಬಿಟ್ಟುಬಿಡುತ್ತೇವೆ. ಇದಕ್ಕೆ ಕಾರಣವೂ ಇದೆ. ಅಳತೆ ಪುಸ್ತಕದಲ್ಲಿ ಕಂಬಿಯನ್ನು ಕಿಲೋ ಲೆಕ್ಕದಲ್ಲಿ ಬರೆಯುತ್ತೇವೆ, ಕಿಲೋ ಲೆಕ್ಕದಲ್ಲೇ ಹಣ ಕೊಡುತ್ತೇವೆ. ಜಾಲ ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂದು ಬರೆಯಲು ಆ ಪುಸ್ತಕದಲ್ಲಿ ಕಾಲಂ ಇಲ್ಲ. ಬಿಲ್ಲಿನಲ್ಲಿ ಇಲ್ಲದ್ದು ಸೈಟಿನಲ್ಲೂ ಇರುವುದಿಲ್ಲ.

ಮೇಷ್ಟ್ರ ಪತ್ರವನ್ನು ನಾನು ಎರಡು ಸಲ ಓದಿ ಖುಷಿಪಟ್ಟೆ. ಅವರ ವಾದ: ವಿಜಯನಗರದ ಶಿಲ್ಪಿಗಳ ಮಂಟಪಗಳು ಐನೂರು ವರ್ಷ ನಿಂತಿವೆ, 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಕಲ್ಲು ಮತ್ತು ಸುರ್ಕಿ ಗಾರೆಯಲ್ಲೇ ನೀರು ತಡೆದು ನಿಂತಿದೆ; ನಿಮ್ಮ ಕಂಬಿಯ ಬೆಡ್ಡುಗಳು ಐದೇ ವರ್ಷಕ್ಕೆ ಬಾಯಿಬಿಡುತ್ತವೆ. ಯಾರು ಜಾಣರು?

ಅವರೇ ಜಾಣರು, ಅನುಮಾನವಿಲ್ಲ. ಕಲ್ಲು ಒತ್ತನ್ನು ಎಷ್ಟು ಬೇಕಾದರೂ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ ಎಂದು ಅವರಿಗೆ ಅಂಗೈಯಲ್ಲಿ ಬರೆದಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಅದಕ್ಕೇ ಮಂಟಪದೊಳಗೆ ಕಂಬಗಳ ಕಾಡು. ಒಂದು ಕಂಬದಿಂದ ಇನ್ನೊಂದಕ್ಕೆ ನಾಲ್ಕು ಹೆಜ್ಜೆ ಇಡುವುದರೊಳಗೆ ತೊಲೆ ಮುಗಿಯುತ್ತದೆ. ಉದ್ದ ಹೆಚ್ಚಾದರೆ ತೊಲೆಯ ಕೆಳಮೈ ಎಳೆದು ಸೀಳುತ್ತದೆಂದು ತಿಳಿದವರು ಮಾತ್ರ ಹಾಗೆ ಕಟ್ಟುತ್ತಾರೆ. ಇನ್ನೂ ಒಂದು ಸಾಕ್ಷಿ ಬೇಕೆಂದರೆ, ಮೇಷ್ಟ್ರೇ, ಮುಂದಿನ ಸಲ ಮಕ್ಕಳನ್ನು ಹಂಪಿಗೆ ಕರೆದೊಯ್ದಾಗ ದೇವಸ್ಥಾನ ಬಿಟ್ಟು ಬಂಡೆಗಳ ಮೈ ನೋಡಿ. ಹೊಲಿಗೆ ಹಾಕಿದ ಹಾಗೆ ಸಾಲಾಗಿ ಉಳಿಯ ಗುಳಿಗಳಿವೆ. ಕಲ್ಲು ಕಡಿಯುವವರು ಆ ಗುಳಿಗಳಿಗೆ ಬೆಣೆ ಹಾಕಿ ಬಂಡೆಯನ್ನು ಎರಡೂ ಕಡೆಗೆ ಅಗಲಿಸುತ್ತಿದ್ದರು. ಆನೆಯ ಹಿಂಡು ನಿಂತರೂ ಜಗ್ಗದ ಬಂಡೆ ಗೇಣುದ್ದದ ಬೆಣೆಗಳಿಗೆ ಬಾಯಿ ತೆರೆಯುತ್ತಿತ್ತು, ಯಾಕೆಂದರೆ ಬೆಣೆ ಎಳೆಯುತ್ತದೆ. ಕಾಂಕ್ರೀಟೂ ಆ ಬಂಡೆಯ ಜಾತಿಯದೇ. ಎಳೆತ ತಾಳುವ ಶಕ್ತಿ ಒತ್ತು ತಾಳುವ ಶಕ್ತಿಯ ಹತ್ತರಲ್ಲೊಂದು ಪಾಲು, ಅಷ್ಟೇ. ಅಣೆಕಟ್ಟಿನದೂ ಇದೇ ನ್ಯಾಯ: ತಳದಲ್ಲಿ ಬೆಟ್ಟದಷ್ಟು ಅಗಲ, ತನ್ನ ಭಾರದಿಂದಲೇ ನೀರನ್ನು ತಡೆದು, ಎಳೆತಕ್ಕೆ ಎಡೆಯನ್ನೇ ಕೊಡದ ಕಟ್ಟಡ. ನಿಮ್ಮ ಊರಿನ ಗಿರಣಿಯವರು ಹಿಟ್ಟಿನ ಯಂತ್ರಕ್ಕೆ ಅಣೆಕಟ್ಟಿನಷ್ಟು ದಪ್ಪದ ಬೆಡ್ಡು ಹಾಕಿಸುವುದಾದರೆ ನಾನು ಕಂಬಿಯ ಮಾತು ಎತ್ತುವುದಿಲ್ಲ.

ಸಣ್ಣಪುಟ್ಟ ಆಕ್ಷೇಪಗಳನ್ನು ಬೇಗ ಮುಗಿಸುತ್ತೇನೆ. ಜಾಲದ ಕೆಳಗೆ ಇಟ್ಟಿಗೆ ಚೂರು ಇಡುತ್ತೇವಲ್ಲ, ಸಾಲದೇ? ಏನೂ ಇಡದಿರುವುದಕ್ಕಿಂತ ಮೇಲು. ಆದರೆ ಇಟ್ಟಿಗೆ ನೀರು ಕುಡಿಯುತ್ತದೆ; ನೆಲದ ತೇವವನ್ನು ಕಂಬಿಗೆ ತಲುಪಿಸುವ ಬತ್ತಿ ನೀವೇ ಇಟ್ಟಂತಾಯಿತು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಸಿಗದಿದ್ದರೆ ಕಾಂಕ್ರೀಟನ್ನು ಒಳಗಿನಿಂದಲೇ ಒದ್ದು ಸೀಳುತ್ತದೆ. ಉಳಿದ ಕಾಂಕ್ರೀಟಿನಲ್ಲೇ ಹಿಂದಿನ ವಾರ ಕವರ್ ಬ್ಲಾಕ್ ಎರಕ ಹೊಯ್ದಿಟ್ಟುಕೊಳ್ಳಿ, ಖರ್ಚಿಲ್ಲ. ನೆಲದ ಮೇಲೆ ಮೂರು ನಾಲ್ಕು ಅಂಗುಲ ಬಡ ಕಾಂಕ್ರೀಟು ಹಾಸಿಕೊಂಡರೆ ಬ್ಲಾಕು ಕೆಸರಿನಲ್ಲಿ ಹೂಳುವುದೂ ತಪ್ಪುತ್ತದೆ.

ಫೈಬರ್ ಪೊಟ್ಟಣ ಮಾರುವವರು ಅದನ್ನು ಹಾಕಿದರೆ ಕಂಬಿಯೇ ಬೇಡ ಎಂದಿದ್ದಾರಂತೆ. ಘನ ಮೀಟರಿಗೆ 900 ಗ್ರಾಮಿನಷ್ಟು ಬೆರೆಸುವ ಆ ಪ್ಲಾಸ್ಟಿಕ್ ಎಳೆ, ಹಸಿ ಕಾಂಕ್ರೀಟಿನ ಮೈ ಒಣಗಿ ಬಿರಿಯುವುದನ್ನು ತಡೆಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಒಳ್ಳೆಯದೇ. ಯಂತ್ರದ ಎಳೆತ ತಡೆಯುವುದು ಅದರ ಕೆಲಸವಲ್ಲ. ಉಕ್ಕಿನ ಫೈಬರ್ ಬೇರೆ ಸಂಗತಿ. ಲೆಕ್ಕ ಹಾಕಿ ಸಾಕಷ್ಟು ಬೆರೆಸಿದರೆ ನೆಲಹಾಸುಗಳಲ್ಲಿ ಜಾಲದ ಬದಲು ನಿಲ್ಲಬಲ್ಲದು. ಅದು ಪೊಟ್ಟಣದಲ್ಲಿ ಬರುವ ಬಾಬತ್ತಲ್ಲ.

ಇದಕ್ಕೆ ಪೂರ್ತಿ ಎದುರು ದಿಕ್ಕಿನಿಂದ ಒಬ್ಬರು ಬಂದರು: ನಾವು ಲೆಕ್ಕ ನೋಡುವುದಿಲ್ಲ, ಕಂಬಿ ತುಂಬಿಬಿಡುತ್ತೇವೆ, ಆಗ ನಿಮಗೆ ಸಮಾಧಾನವೇ? ಇಲ್ಲ. ಕಂಬಿ ಕಂಬಿಯ ನಡುವೆ ಜಲ್ಲಿ ಇಳಿಯಬೇಕು. 20 ಮಿ.ಮೀ. ಜಲ್ಲಿಯಾದರೆ ಕನಿಷ್ಠ 25 ಮಿ.ಮೀ. ಸಂದಿ ಬೇಕು, ವೈಬ್ರೇಟರಿನ ಮೂತಿ ಹೋಗಲು ಇನ್ನೂ ಹೆಚ್ಚು. ಸಂದಿಯಿಲ್ಲದೆ ತುಂಬಿದ ಕಡೆ ಕೆಳಗೆ ಕಾಂಕ್ರೀಟೇ ಇರುವುದಿಲ್ಲ, ಜೇನುಗೂಡು ಇರುತ್ತದೆ. ಹಾಗೆಯೇ, ಬೋಲ್ಟಿನ ಗುಂಡಿಗೆ ಅಡ್ಡ ಬಂತೆಂದು ಯಂತ್ರ ಬಂದ ದಿನ ಗ್ಯಾಸ್ ಕಟರ್ ಹಿಡಿದು ಕಂಬಿ ಕತ್ತರಿಸುವವರಿಗೂ ಒಂದು ಮಾತು. ಬೋಲ್ಟಿನ ನಕ್ಷೆ ಜಾಲ ಕಟ್ಟುವ ಮೊದಲೇ ಕೈಯಲ್ಲಿರಲಿ. ಕತ್ತರಿಸಲೇಬೇಕಾದರೆ ಕತ್ತರಿಸಿದಷ್ಟನ್ನು ಗುಂಡಿಯ ಎರಡೂ ಪಕ್ಕಕ್ಕೆ ಮತ್ತೆ ಸೇರಿಸಿ, ಮೂಲೆಗಳಿಗೆ ಓರೆಯಾಗಿ ಒಂದೊಂದು ಕಂಬಿ ಹಾಕಿ. ಬಿರುಕು ಹುಟ್ಟುವುದು ಆ ಮೂಲೆಗಳಲ್ಲೇ.

ಖರ್ಚಿನ ಮಾತು ಉಳಿಯಿತು. ಕೂಲಿ ಹೆಚ್ಚಾಗುತ್ತದೆ ಎಂದರು ಮಾಲೀಕರು. ಸರಿ, ಎಷ್ಟು? ನಾಲ್ಕು ಮೀಟರಿಗೆ ಮೂರರ ಆ ಬೆಡ್ಡಿಗೆ ಮೇಲೊಂದು ಕೆಳಗೊಂದು ಜಾಲವೆಂದರೆ ಸುಮಾರು 220 ಕಿಲೋ ಕಂಬಿ. ಕೆಳಗಿನ ಜಾಲ ಕೂರಲು ಕವರ್ ಬ್ಲಾಕುಗಳು. ಮೇಲಿನ ಜಾಲ ಕೂರಲು ಚದರ ಮೀಟರಿಗೊಂದರಂತೆ ಹನ್ನೆರಡು ಚೇರು. ಕಂಬಿಯನ್ನೇ ಕುರ್ಚಿಯ ಹಾಗೆ ಬಾಗಿಸಿದ್ದು, ಈ ದಪ್ಪದ ಬೆಡ್ಡಿಗೆ 150 ಮಿ.ಮೀ. ಎತ್ತರ. ಒಂದಕ್ಕೆ ಹೆಚ್ಚೆಂದರೆ ಒಂದು ಮೀಟರ್ ಕಂಬಿ ಹಿಡಿಯುತ್ತದೆ. ಹನ್ನೆರಡಕ್ಕೂ ಸೇರಿ ಹನ್ನೊಂದು ಕಿಲೋ. ನೂರಕ್ಕೆ ಐದು. ಅದೂ ತುಂಡು ಕಂಬಿಯಲ್ಲಿ ಆಗುವ ಕೆಲಸ, ಯಾರ್ಡಿನ ಮೂಲೆಯಲ್ಲಿ ಗುಜರಿಯವನಿಗೆಂದು ಕೂಡಿಟ್ಟದ್ದರಲ್ಲಿ. ಇಬ್ಬರು ಆಳಿಗೆ ಅರ್ಧ ದಿನ. ಇದನ್ನು ಉಳಿಸಲು ಹೋಗಿ ಬೆಡ್ಡು ಒಡೆಸಬೇಕಾಗಿ ಬಂದರೆ ಎತ್ತಿ ಹೊರಹಾಕಬೇಕಾದ ಕಾಂಕ್ರೀಟು ಒಂಬತ್ತು ಟನ್. ಯಂತ್ರ ನಿಂತ ದಿನಗಳ ಲೆಕ್ಕ ನಿಮಗೇ ಚೆನ್ನಾಗಿ ಗೊತ್ತು, ನಾನು ಹೇಳುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಮೇಸ್ತ್ರಿಗಳು ಚಹಾದ ಲೋಟ ಕೆಳಗಿಟ್ಟು, ಏಳುವ ಮುನ್ನ ಒಂದು ಕೇಳಿದರು: ‘ಚೇರಿನ ಮ್ಯಾಲೆ ಜಾಲ ಕೂರಿಸ್ತೀವಿ, ಆತು. ಬಾಂಡ್ಲಿ ಹೊತ್ತ ಹುಡುಗ್ರು ತುಳಿದ್ರ ಚೇರು ಸೊಟ್ಟ ಆಗಂಗಿಲ್ಲೇನ್ರಿ?’

ಆಗುತ್ತದೆ. ಬಂದ ಆಕ್ಷೇಪಗಳಲ್ಲೆಲ್ಲ ಕೆಲಸದೊಳಗಿಂದ ಎದ್ದು ಬಂದದ್ದು ಇದೊಂದೇ, ನನ್ನ ಹಿಂದಿನ ಬರಹದಲ್ಲಿ ಇದಕ್ಕೆ ಉತ್ತರವೂ ಇರಲಿಲ್ಲ. ಚೇರನ್ನು 8 ಮಿ.ಮೀ.ಯಲ್ಲಿ ಮಾಡಬೇಡಿ, 12ರಲ್ಲಿ ಮಾಡಿ. ಕಾಲನ್ನು ಕೆಳಗಿನ ಜಾಲಕ್ಕೂ ತಲೆಯನ್ನು ಮೇಲಿನದಕ್ಕೂ ತಂತಿಯಿಂದ ಬಿಗಿಯಿರಿ. ಹುಡುಗರನ್ನು ಜಾಲದ ಮೇಲೆ ನಡೆಸಲೇಬೇಡಿ. ಬದಿಯ ಸೆಂಟ್ರಿಂಗಿನಿಂದ ಬದಿಗೆ ಹಲಗೆ ಹಾಕಿ, ನಡುವೆ ಚೇರಿನ ನೆತ್ತಿಗೆ ಸರಿಯಾಗಿ ಒಂದು ಆಸರೆ ಕೊಡಿ. ದೂರದ ತುದಿಯಿಂದ ಸುರಿಯಲು ಶುರುಮಾಡಿ ಹಲಗೆಯನ್ನು ಹಿಂದೆ ಹಿಂದೆ ಸರಿಸುತ್ತ ಬನ್ನಿ. ಅಂಥ ಹಲಗೆ ನಾಲ್ಕು ನಮ್ಮ ಹಿತ್ತಲಲ್ಲಿವೆ, ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದೇನೆ. ನಿಮ್ಮ ಮುಂದಿನ ಬೆಡ್ಡಿಗೆ ಒಯ್ಯಿರಿ, ಮೇಸ್ತ್ರಿಗಳೇ. ಕಾಂಕ್ರೀಟು ಒಣಗುವ ಮೊದಲು ತೊಳೆದು ಕೊಡಿ.